ಛಾಯಾಚಿತ್ರವೂ ಅದನ್ನು ನೋಡುವ ಬಳಗವೂ

ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಮಗ್ಗುಲಲ್ಲಿ, ಅಟ್ಟೂರೆಂಬ ಊರಿದೆ. ಹಿಂದೆ ಹೊಲಗದ್ದೆಗಳ ಹಳ್ಳಿಯಾಗಿದ್ದ ಅದು ಈಗ ನಗರದ ಬಡಾವಣೆಯಾಗಿ ಬೆಳೆದಿದೆ. ಅಲ್ಲಿಯ ಮನೆಯೊಂದರಲ್ಲಿ ಈಚೆಗೆ ಒಂದು ಹಳೆಯ ಛಾಯಾಚಿತ್ರವು ನನ್ನ ಕೈಗೆ ಬಂದಿತು. ಅಂಗೈಯಗಲದ ಕಪ್ಪುಬಿಳುಪಿನ ಪಟ. ಕೆರೆಯ ಏರಿ, ಏರಿಯ ಮೇಲೊಂದು ಮರ, ಮರದಡಿಯಲ್ಲಿ ಮೂವರು ಗಂಡಸರು. ಇದು ನಮ್ಮ ಅಟ್ಟೂರು ಕೆರೆಯೇ ಸರಿ ಎಂದು ಮನೆಯ ಹಿರಿಯರು ಹೇಳಿದರು. ಅವರ ತಂಗಿಯವರು ಒಪ್ಪಲಿಲ್ಲ. “ಅಲ್ಲ ಅಣ್ಣ, ಇದು ಪುಟ್ಟೇನಹಳ್ಳಿ ಕೆರೆ. ತೂಬಿನ ಕಲ್ಲು ನೋಡಿದರೆ ತಿಳಿಯುವುದಿಲ್ಲವೇ?” ಎಂದರು. ಪಟದ ಬೆನ್ನಿನ ಮೇಲೆ ಒಂದಕ್ಷರವೂ ಇರಲಿಲ್ಲ. ಮೂವರಲ್ಲಿ ಇಬ್ಬರ ಹೆಸರನ್ನು ಅಣ್ಣತಂಗಿಯರು ಹೇಳಬಲ್ಲವರಾದರು. ಮೂರನೆಯವರು ಯಾರೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಕೇಳುಗರೇ, ಈ ಸಣ್ಣ ವಾಗ್ವಾದದಲ್ಲಿ ಛಾಯಾಗ್ರಹಣದ ಚರಿತ್ರೆಯ ಒಂದು ದೊಡ್ಡ ಸಂಗತಿ ಅಡಗಿದೆ. ಬೆಳಕು ಬರೆದುಕೊಡುವುದು ಚಿತ್ರದ ಅರ್ಧವನ್ನು ಮಾತ್ರ. ಉಳಿದರ್ಧವು ಅದನ್ನು ಕೈಯಿಂದ ಕೈಗೆ ದಾಟಿಸಿ ಮಾತನಾಡುವ ಬಳಗದಿಂದ ತುಂಬತಕ್ಕದ್ದು. ಬಳಗ ಚದುರಿದರೆ ಚಿತ್ರವು ಮೂಕವಾಗುತ್ತದೆ.

ಈ ವಿದ್ಯೆಯು 1839ರಲ್ಲಿ ಪ್ಯಾರಿಸ್ ನಗರದಲ್ಲಿ ಲೋಕಕ್ಕೆ ಪ್ರಕಟವಾಯಿತು. ಡಾಗೇರನ ಕ್ರಮದಲ್ಲಿ ಬೆಳ್ಳಿಯ ಲೇಪವುಳ್ಳ ತಗಡಿನ ಮೇಲೆ ಒಂದೇ ಒಂದು ಚಿತ್ರ ಮೂಡುತ್ತಿತ್ತು; ಅದರಿಂದ ಪ್ರತಿಗಳನ್ನು ತೆಗೆಯುವ ಉಪಾಯವಿರಲಿಲ್ಲ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟನು 1841ರಲ್ಲಿ ಹಕ್ಕುಪತ್ರ ಪಡೆದ ಕ್ರಮವಾದರೋ ಬೇರೆ ಬಗೆಯದು. ಕಾಗದದ ಮೇಲೆ ಮೊದಲು ನೆರಳುಬೆಳಕುಗಳು ಅದಲುಬದಲಾದ ನೆಗೆಟಿವ್ ಮೂಡುವುದು. ಅದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯಬಹುದು. ಚಿತ್ರವು ಹಂಚಿಕೊಳ್ಳುವ ವಸ್ತುವಾದದ್ದು ಹೀಗೆ. ಹದಿನೈದು ವರ್ಷಗಳೊಳಗೆ ನಮ್ಮ ದೇಶದಲ್ಲಿಯೇ ಛಾಯಾಗ್ರಾಹಕರ ಸಂಘಗಳು ಹುಟ್ಟಿದವು: 1854ರಲ್ಲಿ ಬೊಂಬಾಯಿಯಲ್ಲಿ, 1856ರಲ್ಲಿ ಕಲ್ಕತ್ತೆಯಲ್ಲಿಯೂ ಮದರಾಸಿನಲ್ಲಿಯೂ.

ಕನ್ನಡನಾಡು ಈ ಕಥೆಯಿಂದ ದೂರವಿರಲಿಲ್ಲ. ಕಂಪೆನಿಯ ಸೈನ್ಯದಲ್ಲಿದ್ದು ಬೆಂಗಳೂರಿನಲ್ಲಿ ನೆಲಸಿದ್ದ ಲಿನ್ನೇಯಸ್ ಟ್ರೈಪ್ ಎಂಬವನು 1854ರ ಕೊನೆಯಲ್ಲಿ ಬೇಲೂರು ಹಳೇಬೀಡುಗಳ ದೇವಾಲಯಗಳ ಚಿತ್ರಗಳನ್ನು ತೆಗೆದು, 1855ರಲ್ಲಿ ಮದರಾಸಿನ ವಸ್ತುಪ್ರದರ್ಶನದಲ್ಲಿ ಇರಿಸಿದನು. ಹೊಯ್ಸಳರ ಶಿಲ್ಪವನ್ನು ಎಂದೂ ಕಾಣದವರು ಅದನ್ನು ಕಾಗದದ ಮೇಲೆ ಕಂಡರು. 1866ರಲ್ಲಿ ಪಿಗೂ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಧಾರವಾಡ ಮೈಸೂರು ಸೀಮೆಗಳ ಕಟ್ಟಡಗಳ ಚಿತ್ರಗಳು ಗ್ರಂಥರೂಪದಲ್ಲಿ ಹೊರಬಂದವು. ಅದರಲ್ಲಿ ಚರಿತ್ರೆಯ ಭಾಗವನ್ನು ಮೆಡೋಸ್ ಟೇಲರನೂ, ವಾಸ್ತುಶಿಲ್ಪದ ಟಿಪ್ಪಣಿಗಳನ್ನು ಜೇಮ್ಸ್ ಫರ್ಗುಸನ್ನನೂ ಬರೆದರು. ಚಿತ್ರವೂ ಅದರ ಮೇಲಣ ವಿಚಾರವೂ ಒಂದೇ ರಟ್ಟಿನೊಳಗೆ ಕೂಡಿದುದರಿಂದಲೇ ಆ ಗ್ರಂಥಕ್ಕೆ ಬೆಲೆ ಬಂದಿತು.

ಇವೆಲ್ಲ ಅಧಿಕಾರಿಗಳ ಮತ್ತು ಪಂಡಿತರ ಬಳಗಗಳು. ಸಾಮಾನ್ಯ ಗೃಹಸ್ಥನ ಕೈಗೆ ಕ್ಯಾಮೆರಾ ಬಂದದ್ದು ಸುರುಳಿಯ ಫಿಲ್ಮಿನಿಂದ. ಅಮೆರಿಕೆಯ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮಾರಾಟಕ್ಕೆ ತಂದ ಕೊಡಾಕ್ ಪೆಟ್ಟಿಗೆಯಲ್ಲಿ ನೂರು ಚಿತ್ರಗಳ ಸುರುಳಿಯಿತ್ತು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಬೇಕಾಗಿತ್ತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂದಿತು; 1925ರಲ್ಲಿ ಅಂಗಿಯ ಜೇಬಿಗೆ ಹಿಡಿಸುವಂಥ ಲೈಕಾ ಬಂದಿತು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಮುಂದೆ ಬಹುಕಾಲ ಮೆರೆದದ್ದು ಬರೋಡೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಪೆಟ್ಟಿಗೆ. ಅದರ ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಹನ್ನೆರಡೂ ಮುಗಿಯುವವರೆಗೆ ಫೋಟೋ ತೊಳೆಸುವ ಮಾತೇ ಇಲ್ಲ. ಆದುದರಿಂದ ಯುಗಾದಿಯ ದಿನ ತೆಗೆದ ಪಟವು ಗೌರಿಹಬ್ಬಕ್ಕೆ ಕೈಸೇರುವುದೂ ಉಂಟಾಗಿತ್ತು. ಲಕೋಟೆ ಬಂದ ದಿನ ಮನೆಮಂದಿಯೆಲ್ಲ ಚಾಪೆಯ ಮೇಲೆ ಕುಳಿತು, ಯಾರ ಕಣ್ಣು ಮುಚ್ಚಿದೆ, ಯಾರ ತಲೆ ಕತ್ತರಿಸಿದೆ ಎಂದು ನಕ್ಕು, ಊರಿನಿಂದ ಬಂದ ನೆಂಟರಿಗೆ ತೋರಿಸಿ, ಒಂದು ಪ್ರತಿಯನ್ನು ಅಂಚೆಯಲ್ಲಿ ಮಗಳ ಮನೆಗೆ ಕಳುಹಿಸುತ್ತಿದ್ದರು. ಈ ಸಭೆಗೆ ಅಧ್ಯಕ್ಷರಿಲ್ಲದಿದ್ದರೂ ಕೆಲಸ ಗಂಭೀರವಾದದ್ದು: ಚಿತ್ರಕ್ಕೆ ಹೆಸರು, ತಿಥಿ, ಸಂಬಂಧಗಳು ಅಲ್ಲಿ ಅಂಟಿಕೊಳ್ಳುತ್ತಿದ್ದವು.

ಇದೇ ಕೆಲಸವನ್ನು ಕಲೆಯ ದೃಷ್ಟಿಯಿಂದ ಮಾಡಿದವು ಬೆಂಗಳೂರಿನ ಹವ್ಯಾಸಿಗಳ ಸಂಘಗಳು. ಮೈಸೂರು ಫೋಟೋಗ್ರಾಫಿಕ್ ಸೊಸೈಟಿಯ ಹೆಸರು ಹಿರಿಯರಿಗೆ ನೆನಪಿರಬಹುದು. 1953ರಲ್ಲಿ ಅಖಿಲ ಭಾರತ ಮಟ್ಟದ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿದವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಅವರು ಪ್ರಮುಖರು. ಭಾರತದ ಛಾಯಾಗ್ರಹಣದ ಚರಿತ್ರೆಯನ್ನು ಬರೆದವರೂ ಅವರೇ. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಇಂಥ ಸಂಘಗಳ ಕ್ರಮವೇ ಒಂದು ಶಿಕ್ಷಣ. ಸದಸ್ಯನು ತನ್ನ ಪಟವನ್ನು ದಪ್ಪ ರಟ್ಟಿಗೆ ಅಂಟಿಸಿ ತರುವನು. ಅದನ್ನು ದೀಪದ ಕೆಳಗೆ ನಿಲ್ಲಿಸಿ, ಅನುಭವಿಗಳು ಮಾತನಾಡುವರು: ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಮೂಲೆಯ ಬಿಳಿಯ ಮಚ್ಚೆ ಮುಖದಿಂದ ದೃಷ್ಟಿಯನ್ನು ಸೆಳೆಯುವುದೇ, ನೆರಳಿನಲ್ಲಿ ವಿವರ ಉಳಿದಿದೆಯೇ.

ಈ ವಿಮರ್ಶೆಯು ಬರಿಯ ಮಾತಾಗಿ ಮುಗಿಯುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ನೆಗೆಟಿವ್ ಮನೆಯಲ್ಲಿ ಭದ್ರವಾಗಿಯೇ ಇದೆ. ಹವ್ಯಾಸಿಯು ಮತ್ತೆ ಕತ್ತಲೆಕೋಣೆಯನ್ನು ಹೊಕ್ಕು, ಕೆಂಪು ದೀಪದಡಿಯಲ್ಲಿ, ಮುಖದ ಭಾಗಕ್ಕೆ ಕೈಯ ನೆರಳು ಹಿಡಿದು, ಆ ಬಿಳಿಯ ಮೂಲೆಗೆ ಇನ್ನೆರಡು ಕ್ಷಣ ಬೆಳಕು ಕೊಟ್ಟು, ಹೊಸ ಪಟವನ್ನು ಮಾಡುವನು. ಕೇಳಿದ ಮಾತು ಕಾಗದದ ಮೇಲೆ ಕಾಣುವುದು. ವನ್ಯಜೀವಿಗಳ ಚಿತ್ರಗಳಿಗಾಗಿ ಹೆಸರಾದ ಟಿ. ಎನ್. ಎ. ಪೆರುಮಾಳ್ (1932–2017) ಬೆಂಗಳೂರಿನ ಇಂಥ ವಾತಾವರಣದಲ್ಲಿ ಬೆಳೆದು, ತಾವೂ ಅನೇಕ ಕಿರಿಯರಿಗೆ ಗುರುಗಳಾದರು. ಸಂಡೂರಿನ ಎಂ. ವೈ. ಘೋರ್ಪಡೆಯವರ (1931–2011) ಕಪ್ಪುಬಿಳುಪಿನ ಪಟಗಳೂ ಫಿಲ್ಮಿನ ಕಾಲದ ತಾಳ್ಮೆಗೆ ಸಾಕ್ಷಿಯಾಗಿವೆ.

ಈಗ ಮತ್ತೆ ಅಟ್ಟೂರಿಗೆ ಬರೋಣ. ಅದರ ಮಗ್ಗುಲಿನ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಸರ್ಕಾರವು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅಂಥ ಕೆರೆಯ ಒಂದು ಹಳೆಯ ಪಟ, ವರ್ಷವೂ ಸ್ಥಳವೂ ಗೊತ್ತಿದ್ದ ಪಕ್ಷದಲ್ಲಿ, ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು, ಏರಿಯ ಮೇಲೆ ಯಾವ ಮರಗಳಿದ್ದವು ಎಂಬುದಕ್ಕೆ ಸಾಕ್ಷಿ ನುಡಿಯಬಲ್ಲದು. ವರ್ಷ ಗೊತ್ತಿಲ್ಲದಿದ್ದರೆ ಅದು ಯಾವುದೋ ಒಂದು ಕೆರೆಯ ಚಿತ್ರ, ಅಷ್ಟೆ. ನಷ್ಟವು ಒಂದು ಕುಟುಂಬದ್ದು ಮಾತ್ರವಲ್ಲ, ಊರಿನದೂ ಹೌದು.

ಇತ್ತ ವಸ್ತುವೂ ನಶಿಸುತ್ತಿದೆ. ಹೈಪೋ ದ್ರವವನ್ನು ಸರಿಯಾಗಿ ತೊಳೆಯದ ಪಟ ಕಾಲಕ್ರಮದಲ್ಲಿ ಹಳದಿಯಾಗುವುದು. ಹಳೆಯ ಅಸಿಟೇಟ್ ಫಿಲ್ಮು ಸೆಕೆ ತೇವಗಳಿಂದ ಕೆಟ್ಟಾಗ ಹುಳಿವಾಸನೆ ಹೊಮ್ಮಿ ಮುದುಡಿಕೊಳ್ಳುವುದು. ಬಣ್ಣದ ಪಟಗಳ ಬಣ್ಣ ಮಾಸುವುದು. ಆದುದರಿಂದ ಪಟಗಳನ್ನು ಅಡಿಗೆಮನೆಯ ಅಟ್ಟದ ಮೇಲಿಡದೆ, ತಂಪಾದ ಒಣ ಜಾಗದಲ್ಲಿಡಿರಿ. ನೆಗೆಟಿವುಗಳನ್ನು ಎಸೆಯದೆ ಒಳ್ಳೆಯ ಕಾಗದದ ಲಕೋಟೆಗಳಲ್ಲಿ ಬೇರೆಯಾಗಿಡಿರಿ. ಯಂತ್ರದಿಂದ ಪ್ರತಿ ತೆಗೆಸಿ ಇನ್ನೊಂದು ಮನೆಯಲ್ಲಿಯೂ ಇರಿಸಿರಿ. ಎಲ್ಲಕ್ಕಿಂತ ಮೊದಲು, ಬಲ್ಲವರು ಇರುವಾಗಲೇ ಅವರನ್ನು ಕೂರಿಸಿಕೊಂಡು, ಪಟದ ಬೆನ್ನಿನ ಮೇಲೆ ಮೆತ್ತನೆಯ ಸೀಸದ ಕಡ್ಡಿಯಿಂದ ಹಗುರವಾಗಿ ಹೆಸರು, ಸ್ಥಳ, ವರ್ಷಗಳನ್ನು ಬರೆಯಿರಿ. ಪೆಟ್ಟಿಗೆಗಟ್ಟಲೆ ಪಟಗಳನ್ನು ಒಂದೇ ದಿನ ಮುಗಿಸಬೇಕಾಗಿಲ್ಲ; ವಾರಕ್ಕೊಂದು ಹಿಡಿ ಸಾಕು.

ಆ ಅಣ್ಣತಂಗಿಯರ ವಾದ ತೀರ್ಮಾನವಾಗಲಿಲ್ಲ. ಆದರೂ ಪಟದ ಹಿಂದೆ ಅಂದಿನ ತಾರೀಖು ಹಾಕಿ, ಅಣ್ಣ ಹೇಳಿದ ಕೆರೆಯ ಹೆಸರನ್ನೂ ತಂಗಿ ಹೇಳಿದ ಕೆರೆಯ ಹೆಸರನ್ನೂ ಅವರವರ ಹೆಸರಿನೊಡನೆ ಬರೆದೆವು. ಗೊತ್ತಿದ್ದ ಇಬ್ಬರ ಹೆಸರನ್ನೂ ಬರೆದೆವು. ಮೂರನೆಯವರಿಗಾಗಿ ಒಂದು ಸಾಲನ್ನು ಖಾಲಿ ಬಿಟ್ಟಿದೆ. ಯಲಹಂಕದಲ್ಲಿ ಅವರ ಸೋದರತ್ತೆಯೊಬ್ಬರು ಇದ್ದಾರೆ. ಬರುವ ಭಾನುವಾರ ಪಟವನ್ನು ಅವರಿಗೆ ತೋರಿಸಿಕೊಂಡು ಬರುವುದೆಂದು ನಿಶ್ಚಯವಾಗಿದೆ.