ಕ್ಲಾಸ್ ಮೀಟಿಂಗ್
ಮೆಥಡಿಸ್ಟ್ ಕ್ರೈಸ್ತರು ಶಿಷ್ಯತ್ವವನ್ನು ಒಟ್ಟಾಗಿ ಕಲಿತು ಆಚರಿಸಲು ವಾರಕ್ಕೊಮ್ಮೆ ಸೇರುತ್ತಿದ್ದ ಸಣ್ಣ ಕೂಟ. ಇದರ ಮೂಲ, ವಿಚಿತ್ರವೆನಿಸಿದರೂ, ಸಾಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸಲು ಸದಸ್ಯರನ್ನು ಸುಮಾರು 12 ಜನರ ಗುಂಪುಗಳಾಗಿಸಿ, ತಲೆಗೆ ವಾರಕ್ಕೊಂದು ಪೆನ್ನಿ ಎತ್ತುವ ಏರ್ಪಾಡಾಯಿತು. ವಸೂಲಿಗೆ ಮನೆಮನೆಗೆ ಹೋದವರ ಕಣ್ಣಿಗೆ ಕುಡಿತ, ಗಂಡಹೆಂಡಿರ ಜಗಳಗಳೂ ಬಿದ್ದವು. ಮೆಥಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ ಆ ವಸೂಲಿಗಾರರಿಗೇ ಸದಸ್ಯರ ಆತ್ಮಹಿತದ ಹೊಣೆಯನ್ನೂ ವಹಿಸಿದ. ಮನೆಭೇಟಿ ತೊಡಕೆನಿಸಿದಾಗ ಎಲ್ಲರೂ ಒಂದೆಡೆ ಕೂಡತೊಡಗಿದರು. ಬೈಬಲ್ ಪಾಠಕ್ಕಿಂತ ಆ ವಾರದ ನಡತೆಯ ವಿಚಾರಣೆಗೇ ಇಲ್ಲಿ ಹೆಚ್ಚು ಬೆಲೆಯಿತ್ತು; ಕೇಳುತ್ತಿದ್ದವರು ಪಾದ್ರಿಗಳಲ್ಲ, ಸಾಮಾನ್ಯ ಗೃಹಸ್ಥರು. ಮಹಿಳೆಯರೂ ಮುಖಂಡರಾಗಿದ್ದರು. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಟಿಕೆಟ್ ಕೊಡುತ್ತಿದ್ದರು; ನಡತೆ ಕೆಟ್ಟವರಿಗೆ ಸಿಗುತ್ತಿರಲಿಲ್ಲ. 19ನೇ ಶತಮಾನದಲ್ಲಿ ಪದ್ಧತಿ ಸೊರಗಿತು.