ಕೈಗುಣದ ಅಳತೆ: ಶಸ್ತ್ರಚಿಕಿತ್ಸೆಯ ನೋವು ಮತ್ತು ಉಪ್ಪುನೀರು

ಘೋಡಗೇರಿ, ಗೋಕಾಕ, ಹುಕ್ಕೇರಿ ಕಡೆಯ ಮಾತಿನಲ್ಲಿ ಸಲೈನನ್ನು ‘ಹಚ್ಚುತ್ತಾರೆ’. ಆಪರೇಶನ್ ಆದವರನ್ನು ಮಾತಾಡಿಸಿ ಬಂದವರು ‘ಸಲಾಯಿನ್ ಹಚ್ಚ್ಯಾರ್ರೀ, ಈಗ ಆರಾಮ ಅದಾರ’ ಎನ್ನುತ್ತಾರೆ. ಕಾರಣ ಕೇಳಿದರೆ, ‘ಡಾಕ್ಟರ ಕೈಗುಣ ಛಲೋ ಐತಿ’. ಬಾಟಲಿಯಲ್ಲಿರುವುದು ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ನೀರು. ಅದು ನೋವಿನ ಮದ್ದಲ್ಲ. ಪ್ಲಸೀಬೊ ಎಂಬ ಹುಸಿಮದ್ದಿನ ಸಂಶೋಧನೆಗೆ ಬಹಳ ಸಲ ಬಳಕೆಯಾದದ್ದು ಇದೇ ಉಪ್ಪುನೀರು.

ಬಾಸ್ಟನ್ನಿನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಎರಡನೆಯ ಮಹಾಯುದ್ಧದಲ್ಲಿ ಗಾಯಾಳು ಸೈನಿಕರ ನಡುವೆ ದುಡಿದವರು. ಗಾಯದ ಗಾತ್ರಕ್ಕೂ ನೋವಿನ ಗಾತ್ರಕ್ಕೂ ತಾಳೆಯಾಗುವುದಿಲ್ಲವೆಂದು 1946ರಲ್ಲಿ ಬರೆದರು. 1954ರಲ್ಲಿ ಲೂಯಿ ಲಸಾನ್ಯಾ ಮತ್ತು ಬೀಚರ್ ತಂಡ ಶಸ್ತ್ರಚಿಕಿತ್ಸೆಯಾದವರಿಗೆ ಒಮ್ಮೆ ಮಾರ್ಫೀನ್, ಒಮ್ಮೆ ಉಪ್ಪುನೀರು ಚುಚ್ಚಿ ನೋಡಿತು. ಉಪ್ಪುನೀರನ್ನು ಒಂದಕ್ಕಿಂತ ಹೆಚ್ಚು ಸಲ ಪಡೆದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಅದು ಒಂದು ಸಲ ನಾಟಿತು, ಇನ್ನೊಂದು ಸಲ ನಾಟಲಿಲ್ಲ. ‘ಭೋಳೆ ಮಂದಿಗಷ್ಟೇ ಹುಸಿಮದ್ದು’ ಎಂಬ ಊಹೆಗೆ ಇದು ಪೆಟ್ಟು. ಆದರೆ ಜಗತ್ತು ನೆನಪಿಟ್ಟುಕೊಂಡದ್ದು 1955ರ ಬೀಚರ್ ಲೇಖನವನ್ನು: 15 ಅಧ್ಯಯನ, 1,082 ರೋಗಿಗಳು, ಶೇ. 35ರಷ್ಟು ಜನಕ್ಕೆ ಹುಸಿಮದ್ದಿನಿಂದ ಸಮಾಧಾನ.

ಆ ಅಂಕಿಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಹೊಲಿಗೆಯ ನೋವು ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಪಕ್ಕದಲ್ಲಿದ್ದವರಿಗೆ ಹೆಸರು ಬರುತ್ತದೆ. ಕೀನ್ಲೆ ಮತ್ತು ಕೀನೆ ಎಂಬ ಜರ್ಮನ್ ಸಂಶೋಧಕರು 1997ರಲ್ಲಿ ಬೀಚರ್ ಲೆಕ್ಕವನ್ನು ಬಿಚ್ಚಿ ಇದನ್ನೇ ಎತ್ತಿ ತೋರಿಸಿದರು.

ಹಾಗಾದರೆ ಎಲ್ಲವೂ ಕಾಲದ ಮಹಿಮೆಯೇ? ಅಲ್ಲವೆನ್ನಲು 1978ರ ಒಂದು ಪ್ರಯೋಗವಿದೆ. ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು ದವಡೆಹಲ್ಲು ಕೀಳಿಸಿಕೊಂಡವರಿಗೆ ಹುಸಿಮದ್ದು ಕೊಟ್ಟು, ಆಮೇಲೆ ನಲೋಕ್ಸೋನ್ ಕೊಟ್ಟರು. ಇದು ಮಾರ್ಫೀನಿನ ಕೆಲಸವನ್ನು ತಡೆಯುವ ಮದ್ದು. ಹುಸಿಮದ್ದಿನಿಂದ ಹಗುರಾಗಿದ್ದವರ ನೋವು ಮತ್ತೆ ಏರಿತು. ಅಂದರೆ ನಂಬಿಕೆ ಮೈಯೊಳಗಿನ ನೋವುಶಾಮಕಗಳನ್ನೇ ಎಬ್ಬಿಸಿರಬೇಕು.

2001ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಎದೆಯ ಶಸ್ತ್ರಚಿಕಿತ್ಸೆಯಾದವರಿಗೆಲ್ಲ ಮೂರು ದಿನ ಸಲೈನ್ ಹಚ್ಚಿ, ಕೇಳಿದಾಗೆಲ್ಲ ಬುಪ್ರೆನಾರ್ಫಿನ್ ಎಂಬ ನೋವಿನ ಮದ್ದು ಕೊಟ್ಟರು. ಒಂದು ಗುಂಪಿಗೆ ಸಲೈನ್ ಬಗ್ಗೆ ಏನೂ ಹೇಳಲಿಲ್ಲ. ಇನ್ನೊಂದಕ್ಕೆ ಮದ್ದಿರಬಹುದು, ಇಲ್ಲದಿರಬಹುದು ಎಂದರು. ಮೂರನೆಯದಕ್ಕೆ ಇದು ಬಲವಾದ ನೋವಿನ ಮದ್ದೆಂದರು. ನೋವು ಇಳಿದ ಪ್ರಮಾಣ ಮೂರರಲ್ಲೂ ಒಂದೇ. ಆದರೆ ಮೂರನೆಯ ಗುಂಪು ಕೇಳಿ ಪಡೆದ ಬುಪ್ರೆನಾರ್ಫಿನ್ ಮೊದಲನೆಯದಕ್ಕಿಂತ ಸುಮಾರು ಶೇ. 34 ಕಡಿಮೆ.

ಮೂರನೆಯ ಗುಂಪಿಗೆ ಹೇಳಿದ್ದು ಸುಳ್ಳು. ವಾರ್ಡಿನಲ್ಲಿ ಅದರ ಅಗತ್ಯವಿಲ್ಲ. ಅದೇ ಊರಿನ ಸಂಶೋಧಕರು ನಿಜವಾದ ನೋವಿನ ಮದ್ದನ್ನೇ ಎರಡು ಬಗೆಯಲ್ಲಿ ಕೊಟ್ಟು ನೋಡಿದ್ದರು: ಕೆಲವರಿಗೆ ಮರೆಯಲ್ಲಿಟ್ಟ ಯಂತ್ರದಿಂದ, ಕೆಲವರಿಗೆ ಹಾಸಿಗೆ ಪಕ್ಕ ನಿಂತು, ‘ಇದು ನೋವಿಗೆ’ ಎಂದು ಹೇಳಿ. ಯಂತ್ರದಿಂದ ಪಡೆದವರಿಗೆ ಅಷ್ಟೇ ಆರಾಮ ಸಿಗಲು ಹೆಚ್ಚು ಮದ್ದು ಬೇಕಾಯಿತು.