ಬೇಲಿಯೇ ಹೊಲ ಮೇಯ್ದಾಗ: ಪಾರ್ಶ್ವವಾಯು ಮತ್ತು ಬಿಳಿ ರಕ್ತಕಣ

ಪಾರ್ಶ್ವವಾಯು ಬಂದರೆ ನಮ್ಮ ಹಳ್ಳಿಗಳಲ್ಲಿ ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಪ್ರಾಚೀನ ಗ್ರೀಕರು ಈ ಕಾಯಿಲೆಗಿಟ್ಟ ಹೆಸರಿನ ಅರ್ಥವೂ ಹೊಡೆದು ಉರುಳಿಸುವುದು ಎಂದೇ. ಮಿದುಳಿಗೆ ರಕ್ತ ಹರಿಯದೆ ನಿಂತಾಗ ಮೊದಲ ಹೊಡೆತ ಬೀಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಹೊಡೆತ ಬೀಳುತ್ತದೆ. ಅದನ್ನು ಕೊಡುವವು ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳು. ಇದನ್ನು ಅರಿಯಲು ವೈದ್ಯವಿಜ್ಞಾನಕ್ಕೆ ಬಹುಕಾಲ ಹಿಡಿಯಿತು.

ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಸತ್ತವರ ಮಿದುಳನ್ನು ಪರೀಕ್ಷಿಸಿ, ಈ ಕಾಯಿಲೆಗೂ ಮಿದುಳಿನ ರಕ್ತಸ್ರಾವಕ್ಕೂ ಸಂಬಂಧವಿದೆ ಎಂದು 1658ರಲ್ಲಿ ತೋರಿಸಿದರು. ಹೆಪ್ಪುಗಟ್ಟಿದ ರಕ್ತ ನಾಳದಲ್ಲಿ ಸಾಗಿ ಬೇರೆಡೆ ಸಿಕ್ಕಿಕೊಳ್ಳುವ ಬಗೆಯನ್ನು 19ನೇ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ವಿವರಿಸಿದರು. ಪಾರ್ಶ್ವವಾಯುವಿನ ಬಹುಪಾಲು ಪ್ರಕರಣಗಳಿಗೆ ಇಂಥ ಅಡಚಣೆಯೇ ಕಾರಣ.

ಬಿಳಿ ಕಣಗಳ ಕಥೆ ಬೇರೆ ದಾರಿಯಲ್ಲಿ ಸಾಗಿತು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಎಲೀ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿದಾಗ, ಅದರ ಸುತ್ತ ಚಲಿಸುವ ಜೀವಕೋಶಗಳು ಮುತ್ತಿಕೊಂಡವು. ಹೊರಗಿನಿಂದ ಬಂದದ್ದನ್ನು ನುಂಗುವ ರಕ್ಷಕರು ಇವು ಎಂದು ಅವರು ಸಾರಿದರು. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೇಗಾ ಮಿದುಳಿನೊಳಗೂ ಇಂಥ ಕಾವಲುಗಾರರನ್ನು ಗುರುತಿಸಿ, ಮೈಕ್ರೋಗ್ಲಿಯಾ ಎಂದು ಹೆಸರಿಟ್ಟರು.

ಆದರೂ ಮಿದುಳು ರೋಗನಿರೋಧಕ ವ್ಯವಸ್ಥೆಯ ಆಳ್ವಿಕೆಗೆ ಹೊರತಾದ ನೆಲ ಎಂಬ ನಂಬಿಕೆ ಬಲವಾಯಿತು. ಬೇರೆ ಮೊಲದ ಚರ್ಮವನ್ನು ಮೊಲದ ಮಿದುಳಿನಲ್ಲಿ ನೆಟ್ಟರೆ ದೇಹ ಅದನ್ನು ಸುಲಭವಾಗಿ ತಿರಸ್ಕರಿಸುವುದಿಲ್ಲ ಎಂದು ತೋರಿಸಿದ ಪೀಟರ್ ಮೆಡಾವರ್ ಅವರ 1948ರ ಪ್ರಯೋಗ ಇದಕ್ಕೆ ಒತ್ತಾಸೆಯಾಯಿತು.

ಪಾರ್ಶ್ವವಾಯುವಿನಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ನಡುಭಾಗದ ನರಕೋಶಗಳು ಸಾಯುತ್ತವೆ. ಸುತ್ತಲಿನವು ಅರೆಜೀವವಾಗಿ ಉಳಿದಿರುತ್ತವೆ. ಸಾಯುವ ಕೋಶಗಳಿಂದ ಹೊರಬಿದ್ದ ರಾಸಾಯನಿಕಗಳು ಮೈಕ್ರೋಗ್ಲಿಯಾಗಳನ್ನು ಎಚ್ಚರಿಸುತ್ತವೆ. ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಅಲ್ಲಿ ಜಮಾಯಿಸುತ್ತವೆ. ಅವು ಸುರಿಸುವ ಕಿಣ್ವಗಳಿಂದ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸಡಿಲಗೊಂಡು ಮಿದುಳು ಊದಿಕೊಳ್ಳುತ್ತದೆ. ಉಳಿಯಬಹುದಾಗಿದ್ದ ಕೋಶಗಳೂ ಸಾಯುತ್ತವೆ. ಈ ಉರಿಯೂತ ಅಕ್ಷರಶಃ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಹಾಗಾದರೆ ಬಿಳಿ ಕಣಗಳನ್ನು ತಡೆದರಾಯಿತಲ್ಲ? ಪ್ರಾಣಿಗಳ ಮೇಲಿನ ಪ್ರಯೋಗಗಳು ಆಸೆ ಹುಟ್ಟಿಸಿದವು. ಬಿಳಿ ಕಣಗಳು ನಾಳಕ್ಕೆ ಅಂಟದಂತೆ ಮಾಡುವ ಎನ್ಲಿಮೊಮ್ಯಾಬ್ ಎಂಬ ಔಷಧದ ಪರೀಕ್ಷೆ 625 ರೋಗಿಗಳ ಮೇಲೆ ನಡೆಯಿತು. 2001ರಲ್ಲಿ ಪ್ರಕಟವಾದ ಫಲಿತಾಂಶ ಆಘಾತಕಾರಿಯಾಗಿತ್ತು. ಔಷಧ ಪಡೆದವರ ಸ್ಥಿತಿಯೇ ಹೆಚ್ಚು ಹದಗೆಟ್ಟಿತ್ತು, ಸಾವುಗಳೂ ಹೆಚ್ಚಾಗಿದ್ದವು. ಇಲಿಯ ಮೂಲದ ಈ ಪ್ರತಿಕಾಯವೇ ಮನುಷ್ಯರ ಬಿಳಿ ಕಣಗಳನ್ನು ಕೆರಳಿಸಿರಬಹುದು ಎಂಬುದು ನಂತರ ಬಂದ ಒಂದು ವಿವರಣೆ.

ಕಾವಲುಗಾರರನ್ನೆಲ್ಲ ಹೊರಗಟ್ಟುವುದೂ ಅಪಾಯವೇ. ಕೆಲವು ದಿನಗಳ ನಂತರ ಸತ್ತ ಕೋಶಗಳ ಅವಶೇಷಗಳನ್ನು ಗುಡಿಸಿ, ಗಾಯ ಮಾಯಲು ನೆರವಾಗುವವೂ ಇಂಥ ಕಣಗಳೇ. ಪಾರ್ಶ್ವವಾಯು ದೇಹದ ಉಳಿದ ಭಾಗದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಸೋಂಕಿಗೆ ದಾರಿ ಮಾಡುತ್ತದೆ ಎಂದು 2003ರಲ್ಲಿ ಬರ್ಲಿನ್‌ನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಎಷ್ಟೋ ರೋಗಿಗಳನ್ನು ಕೊನೆಗೆ ಬಲಿ ತೆಗೆದುಕೊಳ್ಳುವುದು ನ್ಯುಮೋನಿಯಾ. ಯಾವ ಕಣವನ್ನು, ಯಾವ ದಿನ, ಎಷ್ಟು ತಡೆಯಬೇಕು ಎಂಬುದೇ ಸಂಶೋಧಕರ ಮುಂದಿರುವ ಪ್ರಶ್ನೆ.

ಉರಿಯೂತವನ್ನೇ ಗುರಿಯಾಗಿಸಿದ, ಎಲ್ಲೆಡೆ ಒಪ್ಪಿತವಾದ ಔಷಧ ಇನ್ನೂ ಬಂದಿಲ್ಲ. ಸದ್ಯಕ್ಕೆ ಇರುವ ದಾರಿ ಮೊದಲ ಹೊಡೆತವನ್ನೇ ಬೇಗ ತಡೆಯುವುದು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ಹೆಪ್ಪನ್ನು ಕೊಳವೆಯ ಮೂಲಕ ಹೊರತೆಗೆಯುವುದೂ ಸಾಧ್ಯ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು ನೇರವಾಗಿ ದೊಡ್ಡಾಸ್ಪತ್ರೆಗೆ ಧಾವಿಸಬೇಕು.